ತೊಟ್ಟಿಲ ತಳದ ಹಲಗೆ

ನಮ್ಮ ಮನೆಯ ತೊಟ್ಟಿಲು ಟಿಕೋಟಾದ ನಮ್ಮ ಓಣಿಯಲ್ಲಿ ಹೋಗಿ ಬಾರದ ಮನೆಯಿಲ್ಲ. ಸಾಗವಾನಿ ಕಟ್ಟಿಗೆಯದು. ನಾಲ್ಕು ಮೂಲೆಗೆ ನಾಲ್ಕು ಗಿಳಿ, ಹಿತ್ತಾಳೆ ಸರಪಳಿಯ ಕೊಂಡಿಗಳ ನಡುವೆ ಸಣ್ಣ ಸಣ್ಣ ನವಿಲು. ನಮ್ಮ ಅತ್ತೆಯ ಅತ್ತೆ ತವರಿನಿಂದ ತಂದದ್ದಂತೆ. ಅದಕ್ಕೂ ಹಿಂದೆ ಯಾರ ಮನೆಯದಾಗಿತ್ತೋ ಹೇಳುವವರು ಉಳಿದಿಲ್ಲ. ಗಿಳಿಗಳ ಹಸಿರು ಎಂದೋ ಹೋಗಿತ್ತು, ಕೊಕ್ಕಿನ ಹತ್ತಿರ ಮಾತ್ರ ಒಂದಿಷ್ಟು ಕೆಂಪು ಇತ್ತು. ಯಾವ ಮನೆಯಲ್ಲಿ ಹೆಸರಿಡುವ ಕಾರ್ಯವಿದ್ದರೂ ಆ ಮನೆಯ ಹಿರಿಯಳು ಅರಿಷಿಣ ಕುಂಕುಮ ತಂದು ಎರವಲು ಕೇಳಬೇಕು. ನಮ್ಮ ಅತ್ತೆ ಯಾರಿಗೂ ಇಲ್ಲವೆಂದವಳಲ್ಲ. ಕೆಳಗಿನ ಓಣಿಯ ಭಾಗಪ್ಪನ ಮನೆಗೆ ಮೊದಲ ಸಲ ಕಳಿಸಿದಾಗ ನಾಲ್ಕು ಜನ ಗುಸುಗುಸು ಅಂದರಂತೆ. "ಕೂಸಿಗಿ ಓಣಿ ಗೊತ್ತೈತೇನ?" ಎಂದು ಕೇಳಿ ಆಕೆ ಒಳಗೆ ಹೋಗಿಬಿಟ್ಟಳಂತೆ.

ತೊಟ್ಟಿಲಿಗೆ ಎರಡು ರೀತಿಗಳಿದ್ದವು. ಒಂದು, ಅದು ಬರಿದಾಗಿ ಹೊಸ್ತಿಲು ದಾಟಬಾರದು. ಖಾರ ಅರೆಯುವ ಗುಂಡಕಲ್ಲಿಗೆ ಅರಿಷಿಣ ಹಚ್ಚಿ, ಕೂಸಿಗೆ ತೊಡಿಸುವ ಕುಂಚಗಿ ತೊಡಿಸಿ, ಅದರಲ್ಲಿ ಮಲಗಿಸಿಯೇ ಕಳಿಸಬೇಕು. ಆ ಕಲ್ಲನ್ನು ಮುತ್ತೈದೆಯರು ತೊಟ್ಟಿಲ ಕೆಳಗೆ ಒಬ್ಬರಿಂದೊಬ್ಬರಿಗೆ ದಾಟಿಸಿದ ಮೇಲೆಯೇ ಕೂಸಿನ ಸರದಿ. ಇನ್ನೊಂದು, ತೊಟ್ಟಿಲು ಮರಳಿ ತರುವಾಗ ಆ ಮನೆಯವರು ಒಂದು ಹಿತ್ತಾಳೆ ಮೊಳೆ ತರಬೇಕು. ತಳದ ಹಲಗೆಯನ್ನು ಮಗುಚಿ, ಕೆಳಮೈಗೆ ಆ ಮೊಳೆಯನ್ನು ನಮ್ಮ ಮನೆಯ ಹಿರಿಯಳು ಹೊಡೆಯುತ್ತಿದ್ದಳು. ಕೂಸಿಗೊಂದು ಮೊಳೆ. ಓಣಿಯ ಗಂಡಸರು ಬದುವಿಗೋ ನೀರಿಗೋ ಜಗಳಾಡುವಾಗ ಅತ್ತೆ ನಡುವೆ ನಿಂತು, "ನಿಮ್ಮಿಬ್ಬರ ಮೊಳಿ ಒಂದ ಹಲಗಿಯಾಗ ಅದಾವಲೇ, ಹಲಗಿಗಿ ಇರೋ ಬುದ್ಧಿ ನಿಮಗಿಲ್ಲ" ಎಂದು ಬಯ್ಯುತ್ತಿದ್ದಳು.

ಅತ್ತೆ ಹೋದ ಮೇಲೆ ತೊಟ್ಟಿಲು ನನ್ನ ನೆಗೆಣ್ಣಿ ಅಕ್ಕನಾಗಮ್ಮನ ಪಾಲಿಗೆ ಬಂತು. ಆಕೆ ಹಿರಿಯ ಸೊಸೆ, ನಾನು ಕಿರಿಯಳು. ಇಬ್ಬರ ಗಂಡಂದಿರೂ ಹೋಗಿದ್ದಾರೆ. ನಮ್ಮ ಮನೆಗಳ ನಡುವೆ ಒಂದೇ ಗೋಡೆ, ಅದರಲ್ಲೊಂದು ಬಾಗಿಲು. ಆ ಬಾಗಿಲಿಗೆ ಅಗಳಿ ಹಾಕಿದ್ದನ್ನು ನಾನು ಕಂಡಿಲ್ಲ.

ಅಕ್ಕನಾಗಮ್ಮನ ಮಗ ಅರುಣಕುಮಾರ ದ್ರಾಕ್ಷಿ ತೋಟಗಳಿಗೆ ಆಳುಗಳನ್ನು ಸಾಗಿಸುವ ಗಾಡಿ ಓಡಿಸುತ್ತಾನೆ. ಅವನ ಹೆಂಡತಿ ರಾಜೇಶ್ವರಿ ಬಬಲೇಶ್ವರದವಳು, ಕಡಿಮೆ ಮಾತಿನ ಹುಡುಗಿ. ಅವಳಿಗೆ ಹೆಣ್ಣುಮಗು ಹುಟ್ಟಿದಾಗ ಹೆಸರಿಡುವ ದಿನ ಗೊತ್ತಾಗಿತ್ತು. ಗುಗ್ಗರಿಗೆಂದು ಗೋದಿ, ಕಡಲೆ ಆರಿಸಿಟ್ಟಿದ್ದೆವು. ತೊಟ್ಟಿಲನ್ನು ತೊಳೆದು ತೂಗುಹಾಕಿ ಆಗಿತ್ತು. ಆ ದಿನ ಬರುವ ಮೊದಲೇ ಕೂಸಿಗೆ ಉಸಿರು ಕಟ್ಟಿತು. ವಿಜಯಪುರದ ಆಸ್ಪತ್ರೆಗೆ ಒಯ್ದವರು ಬರಿಗೈಲಿ ಬಂದರು. ಆಸ್ಪತ್ರೆಯ ಚೀಟಿಯಲ್ಲಿ 'ರಾಜೇಶ್ವರಿಯ ಕೂಸು' ಎಂದಷ್ಟೇ ಇತ್ತು. ಹೆಸರಿಲ್ಲದೆ ಬಂದದ್ದನ್ನು ಹೆಸರಿಲ್ಲದೆಯೇ ಮಣ್ಣಿಗೆ ಕೊಟ್ಟರು. ಫೋಟೋ ತೆಗೆದಿರಲಿಲ್ಲ. ಹೆಸರಿಡುವ ತನಕ ಕೂಸಿನ ಫೋಟೋ ತೆಗೆಯಬಾರದೆಂದು ಅಕ್ಕನಾಗಮ್ಮನೇ ತಡೆದಿದ್ದಳು.

ಆ ಮೇಲೆ ರಾಜೇಶ್ವರಿಗೆ ಬಸಿರು ನಿಲ್ಲಲಿಲ್ಲ. ಆದರೂ ತೊಟ್ಟಿಲು ಕೇಳುವವರು ಬರುವುದು ತಪ್ಪಲಿಲ್ಲ. ಯಾರಾದರೂ ಬಂದರೆ ಅಕ್ಕನಾಗಮ್ಮ, "ರಾಜೇಶ್ವರಿ, ಹಿತ್ತಲದಾಗ ಕಾಳ ಒಣಹಾಕಿದ್ದು ನೋಡ ಹೋಗವ್ವಾ" ಎಂದು ಸೊಸೆಯನ್ನು ಸಾಗಹಾಕುತ್ತಿದ್ದಳು. ಗುಂಡಕಲ್ಲನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಅವಳನ್ನು ನೋಯಿಸಬಾರದೆಂದು ಆಕೆಯ ಮನಸ್ಸಿನಲ್ಲಿತ್ತು. ಆದರೆ ತೊಟ್ಟಿಲು ಮರಳಿ ಬಂದಾಗ ಅದನ್ನಿಳಿಸಿ, ಒರೆಸಿ, ಎಣ್ಣೆ ಹಚ್ಚುವ ಕೆಲಸ ರಾಜೇಶ್ವರಿ ತಾನಾಗಿ ಹಿಡಿದುಕೊಂಡಿದ್ದಳು. ಬೇಡವೆಂದರೂ ಬಿಡುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕುಳಿತು ಬಹಳ ಹೊತ್ತು ಒರೆಸುತ್ತಿದ್ದಳು.

ಈ ವರ್ಷ ಯುಗಾದಿಯ ಮುಂದೆ ರಾಜೇಶ್ವರಿ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಬಬಲೇಶ್ವರಕ್ಕೆ ಹೋದಳು. ನಾನು ಆಗ ಹೊನವಾಡ ರಸ್ತೆಯ ಒಣದ್ರಾಕ್ಷಿ ಶೆಡ್ಡಿಗೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಸಂಜೆ ಅಂಟುಗೈ ತೊಳೆಯಲು ನಡುಬಾಗಿಲು ದಾಟಿ ಬಂದರೆ, ಪಡಸಾಲೆಯ ತೊಲೆಯಲ್ಲಿ ಕೊಂಡಿಗಳಷ್ಟೇ ಕಂಡವು.

"ಅಕ್ಕಾ, ತೊಟ್ಟಿಲಾ ಯಾರ ಮನಿಗಿ ಹೋತು?"

"ಯಾರ ಮನಿಗೂ ಇಲ್ಲ. ಮಾರೀನಿ."

"ಏನಂದಿ?"

"ಕಿವಿ ಕೇಳಸೂದಿಲ್ಲೇನ? ಮಾರೀನಿ ಅಂದೆ. ಗೋಳಗುಮ್ಮಟದ ಕಡೆ ಅಂಗಡಿ ಐತಂತ, ಆಫ್ತಾಬ ಅಂತ. ಹಳೇ ಬಾಗಲಾ, ಹಂಡೆ ಕೊಳ್ಳಾಕ ಬಂದಿದ್ದ. ಟೆಂಪೋದಾಗ ಹಾಕ್ಕೊಂಡ ಹೋದ."

"ಎರವಲ ಕೊಡೋ ತೊಟ್ಟಿಲಾ ಅಲ್ಲೇನಬೇ ಅದು? ಮಾರೋದ ಹ್ಯಾಂಗ?"

"ನನಗ ಕಲಸಾಕ ಬರಬ್ಯಾಡ. ರಾತ್ರಿ ಸಾಲಿ ಕಲತಾಕಿ ನೀ, ಖರೆ. ಆದರ ಸೊಸಿ ನನ್ನಾಕಿ." ಅಕ್ಕನಾಗಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. "ದಿನಾ ಅದರ ಬುಡಕ ಓಡ್ಯಾಡಿ ಓಡ್ಯಾಡಿ ಹುಡುಗಿ ಒಳಗ ಸುಟ್ಟ ಹೋಗಾಕತ್ತಾಳ. ಮಂದಿ ಕೂಸಿನ ಉಚ್ಚಿ ತೊಳಿಯೋ ಕರ್ಮ ಯಾಕ ಆಕಿಗಿ? ಕಣ್ಣ ಮುಂದ ಇಲ್ಲಂದ್ರ ಮನಸ ಹಗರ ಆಗತೈತಿ. ನೀ ಬಾಯಿ ಮುಚ್ಚಕೊಂಡಿರು."

"ಗುಂಡಕಲ್ಲ?"

"ಅದನ್ನೂ ಕಳಿಸೇನಿ. ತೊಟ್ಟಿಲಾ ಬರಿದ ಹೊಚ್ಚಲಾ ದಾಟಸಾಕ ಬರತೈತೇನ? ಅರಿಷಿಣ ಹಚ್ಚಿ, ಕುಂಚಗಿ ಹಾಕೀನ ಕಳಿಸೇನಿ. ಆ ಹುಡುಗ ನಕ್ಕ. ನಗಲಿ."

ಮಾರಬಾರದ್ದನ್ನು ಮಾರುವಾಗಲೂ ಆಕೆ ರೀತಿ ಬಿಡಲಿಲ್ಲ. ಎರವಲಿಗೆ ಹೋದ ತೊಟ್ಟಿಲು ಕಲ್ಲಿನ ಜೊತೆ ಹೋಗಿ ಕಲ್ಲಿನ ಜೊತೆ ಬರುತ್ತದೆ. ಮಾರಿದ ತೊಟ್ಟಿಲಿನ ಜೊತೆ ಕಲ್ಲನ್ನು ಕಳಿಸಿದರೆ ಕಲ್ಲೂ ಹೋಯಿತು. ಅದು ಅವಳಿಗೆ ಗೊತ್ತಾದದ್ದು ಮರುದಿನ ಖಾರ ಅರೆಯಲು ಕುಳಿತಾಗ. ನನ್ನ ಮನೆಯ ಕಲ್ಲು ಕೇಳಲು ಬಂದಳು. ಕೊಟ್ಟೆ. ಮಾರಿದ ಹಣವನ್ನು ಆಕೆ ಅರಿವೆಯ ಗಂಟು ಕಟ್ಟಿ ಗೂಡಿನಲ್ಲಿ ಇಟ್ಟದ್ದನ್ನು ಕಂಡೆ. ಗಂಟು ಅಲ್ಲಿಂದ ಅಲುಗಲಿಲ್ಲ.

ತಾಯಿಯ ಕಣ್ಣಿನ ಪಟ್ಟಿ ಬಿಚ್ಚಿ, ಕನ್ನಡಕ ಬಂದ ಮೇಲೆ ರಾಜೇಶ್ವರಿ ಬಂದಳು. ನಾನೂ ಅಲ್ಲೇ ಇದ್ದೆ. ಚೀಲ ಕೆಳಗಿಡುವ ಮೊದಲೇ ತಲೆಯೆತ್ತಿ ಕೊಂಡಿಗಳನ್ನು ನೋಡಿದಳು.

"ಯಾರ ಮನ್ಯಾಗ ಕಾರ್ಯಾ ಐತ್ರಿ ಅತ್ತಿ?"

ಅಕ್ಕನಾಗಮ್ಮ ಈ ಮಾತಿಗೆ ತಯಾರಾಗಿಯೇ ಇದ್ದಳು. "ಕಾರ್ಯಾ ಇಲ್ಲವ್ವಾ. ಅದನ್ನ ಮಾರಿಬಿಟ್ಟೆ. ಹುಳಾ ಹಿಡದಿತ್ತು. ಹೋತು ಅಂದ್ರ ಹೋತು. ನೀ ಕೈಕಾಲ ತೊಳಕೊಂಡ ಬಾ, ರೊಟ್ಟಿ ಬಿಸಿ ಅದಾವ."

ರಾಜೇಶ್ವರಿ ಅಲ್ಲೇ ನಿಂತಿದ್ದಳು. "ತಳದ ಹಲಗಿ ಬಿಚ್ಚಿ ಇಟ್ಟಕೊಂಡೀರೇನ್ರಿ?"

"ಹಲಗಿ ಬಿಟ್ಟ ತೊಟ್ಟಿಲಾ ಯಾರ ಒಯ್ತಾರಬೇ?"

ರಾಜೇಶ್ವರಿ ಹೊಸ್ತಿಲ ಮೇಲೆ ಕುಳಿತಳು, ಚೀಲ ತೊಡೆಯ ಮೇಲೆಯೇ ಇತ್ತು. ನಡು ಹೊಸ್ತಿಲ ಮೇಲೆ ಕೂಡಬಾರದೆಂದು ದಿನಾ ಬಯ್ಯುವ ಅಕ್ಕನಾಗಮ್ಮ ಆ ಹೊತ್ತು ಬಯ್ಯಲಿಲ್ಲ.

"ಅದರಾಗ ನನ್ನ ಕೂಸಿನ ಮೊಳಿ ಐತ್ರಿ" ಎಂದಳು.

ಅಕ್ಕನಾಗಮ್ಮ ನನ್ನ ಮುಖ ನೋಡಿದಳು. ಆ ಕೂಸು ತೊಟ್ಟಿಲು ಕಂಡಿರಲಿಲ್ಲ. ತೊಟ್ಟಿಲು ಕಾಣದ ಕೂಸಿಗೆ ಮೊಳೆ ಹೊಡೆಯುವ ರೀತಿ ಇಲ್ಲ.

"ಯಾರ ಹೊಡದ್ರ?" ಅಕ್ಕನಾಗಮ್ಮನ ದನಿ ಸಣ್ಣದಾಗಿತ್ತು.

"ನಾನ ಹೊಡದೀನ್ರಿ. ನೀವು ಹೊನವಾಡಕ್ಕ ಮದವಿಗಿ ಹೋಗಿದ್ರಿ. ಹಿತ್ತಾಳಿ ಮೊಳಿ ಬೇಡಿದ್ರ ಯಾಕ ಅಂತಿದ್ರಿ. ದ್ರಾಕ್ಷಿ ಪೆಟಿಗಿದೊಂದ ಕಬ್ಬಿಣದ ಮೊಳಿ ಕಿತ್ತ ಹೊಡದೆ, ದಂಡಿಗಿ. ನಿಮ್ಮ ಕಣ್ಣಿಗಿ ಬೀಳಬಾರದು ಅಂತ."

"ಅದಕ್ಕ ಎಣ್ಣಿ ಹಚ್ಚಾಕ ಕುಂಡ್ರತಿದ್ದೀ?" ಎಂದು ನಾನು ಕೇಳಿದೆ.

"ಹೂಂ ಸಣ್ಣತ್ತಿ. ಬೆರಳಿಗಿ ಹತ್ತತಿತ್ತು." ಆಮೇಲೆ ಅತ್ತೆಯ ಕಡೆ ತಿರುಗಿದಳು. "ನಾ ಅದನ್ನ ನೋಡಿ ಸುಡತಿದ್ದಿಲ್ರಿ ಅತ್ತಿ. ಯಾರ ಕೂಸ ಮಲಗಿದ್ರೂ ನನ್ನ ಕೂಸಿನ ಕೂಡ ಮಲಗೇತಿ ಅಂತ ಅನಸ್ತಿತ್ತು. ಆಕಿ ಬಂದಿದ್ಲು ಅನ್ನಾಕ ಅದೊಂದ ಇತ್ರಿ, ಮತ್ತೇನ ಇಲ್ಲ."

ಅಕ್ಕನಾಗಮ್ಮ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ರೊಟ್ಟಿ ಆರಿದವು. ಹೊರಗೆ ಬಂದಾಗ ಆಕೆಯ ಕೈಯಲ್ಲಿ ಗೂಡಿನ ಗಂಟಿತ್ತು. ನನ್ನ ಕಡೆ ತಿರುಗಿದಳು.

"ಸಾವಂತ್ರಿ, ಮುಂಜಾನಿ ಬಸ್ಸಿಗಿ ನೀನೂ ನಡಿ. ಬೋರ್ಡ ಓದಾಕ ನನಗ ಬರೂದಿಲ್ಲ."

ಆಫ್ತಾಬನ ಅಂಗಡಿ ಗೋಳಗುಮ್ಮಟದ ಹತ್ತಿರ, ಕಬ್ಬಿನ ಹಾಲಿನ ಗಾಡಿಗಳ ಹಿಂದಿನ ಸಾಲಿನಲ್ಲಿತ್ತು. ಗೋಡೆಗೆ ಒರಗಿಸಿದ ಬಾಗಿಲುಗಳು, ಕಂಬಗಳು, ಕಿಲುಬು ಹಿಡಿದ ಹಂಡೆಗಳು. ಎಷ್ಟೋ ಮನೆಗಳ ಬಾಗಿಲು ಒಂದೇ ಕಡೆ ನಿಂತಿದ್ದವು, ಒಂದರ ಹಿಂದೆಯೂ ಮನೆ ಇರಲಿಲ್ಲ. ಆಫ್ತಾಬ ಮೂವತ್ತರ ಒಳಗಿನ ಹುಡುಗ. ಅಕ್ಕನಾಗಮ್ಮನ ಗುರುತು ಹಿಡಿದು ಎದ್ದು ನಿಂತ.

"ಬರ್ರಿ ಅವ್ವಾರ, ಬರ್ರಿ. ಇನ್ನೇನರ ಕೊಡೋದ ಐತೇನ್ರಿ?"

"ಕೊಡಾಕ ಬಂದಿಲ್ಲಪ್ಪಾ. ನಮ್ಮ ತೊಟ್ಟಿಲಾ ನಮಗ ಹೊಳ್ಳಿ ಬೇಕು. ನಿನ್ನ ರೊಕ್ಕ ಕಟ್ಟಿದ ಗಂಟ ಬಿಚ್ಚಿಲ್ಲ, ತಗೋ."

ಆಫ್ತಾಬ ಗಂಟನ್ನು ಮುಟ್ಟಲಿಲ್ಲ. "ಅದು ಹೋತ್ರೀ ಅವ್ವಾರ. ಪುಣೇದ ಹಾಟೇಲದವರು ಒಯ್ದ್ರು. ಮ್ಯಾಲ ಗಾಜ ಹಾಕಿ ಟೀಪಾಯಿ ಮಾಡ್ತಾರಂತ."

"ಟೀಪಾಯಿ ಅಂದ್ರ?"

"ಚಾ ಕಪ್ಪ ಇಡೂದ್ರಿ ಅತ್ತಿ" ಎಂದಳು ರಾಜೇಶ್ವರಿ.

ಅಕ್ಕನಾಗಮ್ಮ ಪಕ್ಕದಲ್ಲಿದ್ದ ಯಾರದೋ ಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಫ್ತಾಬ ಮಡಿಚುವ ಕುರ್ಚಿ ಎಳೆದುಕೊಟ್ಟ. ಆಕೆ ಕೂಡಲಿಲ್ಲ.

"ಪುಣೇಕ್ಕ ಹೋಗೂಣು" ಎಂದಳು. "ಬಸ್ಸ ಇರತೈತಿಲ್ಲ?"

"ಅವ್ವಾರ, ಈಗ ಹೋದ್ರೂ ಅವರು ಕೊಡೂದಿಲ್ರಿ. ಅಷ್ಟ ಬಣ್ಣಾ ಬಡದಾರ. ನಾ ಫೋಟೋ ನೋಡೀನಿ." ಅವನು ಮೊಬೈಲ್ ತೆಗೆದು ತೋರಿಸಿದ. ನಾಲ್ಕು ಗಿಳಿಗಳಿಗೂ ಬಂಗಾರದ ಬಣ್ಣ ಬಳಿದಿದ್ದರು. ಸರಪಳಿ ಇರಲಿಲ್ಲ. ಅಕ್ಕನಾಗಮ್ಮ ಕನ್ನಡಕವಿಲ್ಲದ ಕಣ್ಣಿಂದ ಅದನ್ನು ನೋಡಿ, "ಇದು ನಮ್ಮದಲ್ಲ" ಎಂದಳು. ಮತ್ತೆ ನೋಡಿ, ಗಿಳಿಯ ಕೊಕ್ಕಿನ ಮೇಲೆ ಬೆರಳಿಟ್ಟಳು.

ರಾಜೇಶ್ವರಿ ಕೇಳಿದ್ದು ಒಂದೇ ಮಾತು. "ತಳದ ಹಲಗಿನೂ ಹೋತೇನ್ರಿ ಅಣ್ಣಾರ?"

"ಹಲಗಿ? ಇಲ್ರಿ ಅಕ್ಕಾರ, ಅದು ಬ್ಯಾಡ ಅಂದ್ರು. ತಳಾ ತುಂಬ ಮೊಳಿ ಹೊಡದ ಹಾಳ ಮಾಡ್ಯಾರ, ಹೊಸಾದ ಹಾಕಿಸಿ ಕೊಡು ಅಂದ್ರು. ಸಿದ್ಧೇಶ್ವರ ಗುಡಿ ಹಿಂದ ಮಲಕಾಜಪ್ಪ ಅಂತ ಬಡಿಗ್ಯಾರ ಅದಾರ, ಅವರ ಕಡೆ ಹಾಕಿಸಿದ್ನಿ. ಹಳೇದ ಅಲ್ಲೇ ಬಿದ್ದಿರಬೇಕ್ರಿ, ಒಲಿಗಿ ಹಾಕಿರಲಿಲ್ಲಂದ್ರ."

ಒಲೆ ಎಂದ ಕೂಡಲೇ ರಾಜೇಶ್ವರಿ ಅಂಗಡಿಯ ಮೆಟ್ಟಿಲಿಳಿದಾಗಿತ್ತು. ನಾವು ಅವಳ ಬೆನ್ನು ಹಿಡಿಯುವಷ್ಟರಲ್ಲಿ ಆಫ್ತಾಬ ಹಿಂದಿನಿಂದ ಕೂಗಿದ. ಒಳಗಿನ ಕಪಾಟಿನಿಂದ ಏನನ್ನೋ ಎರಡೂ ಕೈಯಲ್ಲಿ ಎತ್ತಿ ತಂದ. ನಮ್ಮ ಗುಂಡಕಲ್ಲು. ಕುಂಚಗಿ ಅದರ ಮೈಮೇಲೆಯೇ ಇತ್ತು.

"ಇದನ್ನೂ ಬ್ಯಾಡ ಅಂದ್ರು. ರೋಡಿಗಿ ಒಗಿಯಾಕ ಹೋದೆ, ಕೈ ಬರಲಿಲ್ರಿ. ಅರಿವಿ ಉಡಿಸಿ ಕಳಿಸಿದ್ರೆಲ್ಲ, ಅದಕ್ಕ."

ಅಕ್ಕನಾಗಮ್ಮ ಕಲ್ಲನ್ನು ಸೆರಗಿನಲ್ಲಿ ಇಸಿದುಕೊಂಡಳು. ಅವನ ಗದ್ದ ಮುಟ್ಟಿ ತನ್ನ ಕೈಗೆ ಮುತ್ತಿಟ್ಟುಕೊಂಡಳು.

ಆಟೋ ಹಿಡಿದೆವು. ಎಂದೂ ಸಿದ್ಧೇಶ್ವರ ಗುಡಿಯ ಮುಂದೆ ಇಳಿಯದೆ ಹೋಗದ ಅಕ್ಕನಾಗಮ್ಮ, ಕೂತಲ್ಲಿಂದಲೇ ಕೈಮುಗಿದು "ಆಮ್ಯಾಲ ಬರ್ತೇನೋ ಯಪ್ಪಾ" ಎಂದಳು.

ಮಲಕಾಜಪ್ಪನ ಕೆಲಸದ ಜಾಗ ಹಳೆಯ ಮನೆಗಳ ಸಂದಿಯಲ್ಲಿ ಒಂದು ತಗಡಿನ ಚಪ್ಪರ. ಮುದುಕ ಕುಳಿತು ಬಾಗಿಲ ಚೌಕಟ್ಟಿಗೆ ಉಳಿ ಹೊಡೆಯುತ್ತಿದ್ದ. ಹಲಗೆ ಎಲ್ಲಿದೆಯೆಂದು ನಾನು ಸುತ್ತಲೂ ಕಣ್ಣಾಡಿಸಿದೆ. ಅಕ್ಕನಾಗಮ್ಮ ಕಂಡುಹಿಡಿದಳು. ಎರಡು ಇಟ್ಟಿಗೆಯ ಮೇಲಿಟ್ಟು ಅವನು ಅದರ ಮೇಲೆಯೇ ಕುಳಿತಿದ್ದ.

"ಏಳಪ್ಪಾ, ಏಳು. ನಮ್ಮ ಮಕ್ಕಳ ಮ್ಯಾಲ ಕುಂತೀದಿ."

ಮುದುಕ ಬೆಚ್ಚಿ ಎದ್ದು ಹಿಂದೆ ಮುಂದೆ ನೋಡಿಕೊಂಡ. "ಯಾರ ಮಕ್ಕಳವ್ವಾ? ನಾ ನಮ್ಮ ಹಲಗಿ ಮ್ಯಾಲ ಕುಂತೀನಿ."

ನಾನು ಸಂಗತಿ ಹೇಳುವಷ್ಟರಲ್ಲಿ ರಾಜೇಶ್ವರಿ ನೆಲಕ್ಕೆ ಕುಳಿತು ಹಲಗೆಯನ್ನು ಎತ್ತಿ ಮಗುಚಿದ್ದಳು.

ಹಲಗೆ ತುಂಬ ತೂತುಗಳು. ಮೊಳೆ ಒಂದೂ ಕಾಣಲಿಲ್ಲ.

"ಮೊಳಿ ಎಲ್ಲಿ?" ಎಂದಳು ಅಕ್ಕನಾಗಮ್ಮ.

"ಕಿತ್ತೀನ್ರಿ. ಹಿತ್ತಾಳೀವು ಅದಾವಲ್ರೀ ಅವು, ಸುಮ್ಮನ ಯಾಕ ಬಿಡೂದು? ಡಬ್ಬಿಗಿ ಹಾಕಿದ್ನಿ. ಮೋಡಕಾ ಸಾಮಾನ ಕೊಳ್ಳಾಂವ ಬಂದಾಗ ಹಳೇ ಬಿಜಾಗರಿ, ಚಿಲಕಾ ಎಲ್ಲಾ ಕೂಡಿಸಿ ತೂಕಕ್ಕ ಕೊಟ್ಟೆ. ಇಷ್ಟೊತ್ತಿಗೆ ಕರಗಿಸಿ ಗುಡಿ ಗಂಟಿನೋ ಚರಗಿನೋ ಮಾಡಿರ್ತಾರ." ಅಷ್ಟು ಹೇಳಿ, ನಮ್ಮ ಮುಖ ನೋಡಿ, ಅವನು ಉಳಿಯನ್ನು ಕೆಳಗಿಟ್ಟ. "ತಪ್ಪಾತೇನ್ರಿ?"

ರಾಜೇಶ್ವರಿಯ ಬೆರಳುಗಳು ಹಲಗೆಯ ದಂಡೆಗುಂಟ ಹೋಗುತ್ತಿದ್ದವು. ಅವಳು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದಳು. ಮೂಲೆಯ ಹತ್ತಿರ ಬೆರಳು ನಿಂತಿತು.

"ಐತ್ರಿ ಅತ್ತಿ" ಎಂದಳು.

ಮಲಕಾಜಪ್ಪ ಬಗ್ಗಿ ನೋಡಿದ. "ಹಾಂ, ಅದೊಂದ ಬರಲಿಲ್ರಿ. ಕಬ್ಬಿಣದ್ದು. ಜಂಗ ಹಿಡದ ಕಟಿಗಿ ಕೂಡ ಒಂದಾಗಿಬಿಟ್ಟೈತಿ. ಇಕ್ಕಳ ಹಚ್ಚಿ ಜಗ್ಗಿದೆ, ಜಗ್ಗಿದೆ, ಕಡೀಕ ಹಾಳಾಗಿ ಹೋಗ್ಲಿ ಅಂತ ಬಿಟ್ಟೆ."

ರಾಜೇಶ್ವರಿ ಅಳಲಿಲ್ಲ. ಬೆರಳನ್ನು ಆ ಮೊಳೆಯ ಮೇಲಿಟ್ಟುಕೊಂಡು ಹಾಗೆಯೇ ಕುಳಿತಳು. ಅತ್ತದ್ದು ಅಕ್ಕನಾಗಮ್ಮ. ಆಕೆಯೂ ನೆಲಕ್ಕೆ ಕುಳಿತು, ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಒಂದು ತೂತಿಗೆ ಬೆರಳಿಡುವಳು, ಇನ್ನೊಂದಕ್ಕೆ ಇಡುವಳು.

"ಸಾವಂತ್ರಿ, ನಮ್ಮ ಅರುಣಂದ ಯಾವದಿತ್ತು? ಇದೇನ? ಅವರದು? ನಮ್ಮ ಮನಿಯವರದು ನಡಕ ಇತ್ತಲ್ಲ, ದೊಡ್ಡ ತಲೀದು?"

ನನಗೆ ಗೊತ್ತಾಗಲಿಲ್ಲ. ಮೊಳೆ ಇದ್ದಾಗ ತಲೆ ನೋಡಿ ಇದು ಇಂಥವರದು ಎಂದು ಹೇಳುತ್ತಿದ್ದೆವು. ತೂತುಗಳೆಲ್ಲ ಒಂದೇ ಥರ ಇದ್ದವು.

"ಓಣಿಗಿ ಏನ ಹೇಳಲಿ?" ಎಂದಳು. "ಭಾಗಪ್ಪನ ಸೊಸಿ ಸಪ್ನಾಗ ದಿನಾ ತುಂಬ್ಯಾವ. ನಾಳೆ ತೊಟ್ಟಿಲಾ ಕೇಳಾಕ ಬಂದ್ರ ಏನಂತ ಹೇಳಲಿ?"

"ಮಾರೀನಿ ಅಂತ ಹೇಳಬೇಕಕ್ಕಾ" ಎಂದೆ.

ಆಕೆ ಮೂಗು ಒರೆಸಿಕೊಂಡು ಗಂಟನ್ನು ಮಲಕಾಜಪ್ಪನ ಮುಂದೆ ಇಟ್ಟಳು. ಅವನು ಅದನ್ನು ಕಾಲಿನಿಂದ ಸರಿಸಬಾರದೆಂದು ಕೈಯಿಂದ ಸರಿಸಿ, "ಕುಂಡ್ರಾಕ ಇನ್ನೊಂದ ಹಲಗಿ ಸಿಗತೈತಿ, ಒಯ್ರಿ" ಎಂದ. ಆ ಗಂಟಿನಿಂದ ಕೊಳ್ಳುವಂಥದ್ದು ಊರಲ್ಲಿ ಏನೂ ಉಳಿದಿರಲಿಲ್ಲ. ಬರುವಾಗ ಅಕ್ಕನಾಗಮ್ಮ ಗುಡಿಯ ಮುಂದೆ ಇಳಿದು, ಬಿಚ್ಚದೆಯೇ ಅದನ್ನು ಹುಂಡಿಗೆ ತುರುಕಿ ಬಂದಳು. ಬಂದು, "ಇದಕ್ಕ ಪುಣ್ಯಾ ಬ್ಯಾಡ, ನನ್ನ ಮನ್ಯಾಗ ಇರಬಾರದು ಅಷ್ಟ" ಎಂದಳು.

ಟಿಕೋಟಾ ಬಸ್ಸಿನಲ್ಲಿ ಅತ್ತೆ ಸೊಸೆ ಒಂದು ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಹಲಗೆ ಅವರಿಬ್ಬರ ತೊಡೆಗಳ ಮೇಲೆ ಅಡ್ಡ ಇತ್ತು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಹೆಂಗಸರ ಪುಕ್ಕಟೆ ಟಿಕೀಟು ಹರಿದುಕೊಟ್ಟ. ಆಮೇಲೆ ಹಲಗೆ ನೋಡಿದ.

"ಆಯೀ, ನಿಮಗ ಫ್ರೀ ಖರೆ. ಈ ಹಲಗಿಗಿ ಲಗೇಜ್ ಆಗತೈತಿ ನೋಡ್ರಿ."

"ತೊಡಿ ಮ್ಯಾಲಿನ ಕೂಸಿಗೂ ಟಿಕೀಟ ಐತೇನೋ ನಿನ್ನ ಬಸ್ಸಿನಾಗ?"

ಅವನು ನಕ್ಕ. ಆಕೆಯ ಮುಖ ನೋಡಿ ಮುಂದೆ ಹೋದ.

ಊರು ದಾಟಿದ ಮೇಲೆ ಎರಡೂ ಬದಿಗೆ ಬಿಸಿಲು. ದ್ರಾಕ್ಷಿ ಕೊಯ್ಲು ಮುಗಿದ ತೋಟಗಳಲ್ಲಿ ಬರೀ ಕಂಬ, ತಂತಿ. ಅಕ್ಕನಾಗಮ್ಮ ಸೆರಗಿನಲ್ಲಿದ್ದ ಗುಂಡಕಲ್ಲನ್ನು ಎತ್ತಿದಳು. ಕುಂಚಗಿಯನ್ನು ಸರಿಮಾಡಿದಳು. ಇಷ್ಟು ವರ್ಷ ಸೊಸೆಯ ಕೈಗೆ ಕೊಡದ ಆ ಕಲ್ಲನ್ನು ಹಲಗೆಯ ಕೆಳಗಿನಿಂದ, ತನ್ನ ತೊಡೆಯಿಂದ ಅವಳ ತೊಡೆಗೆ ದಾಟಿಸಿದಳು. ರಾಜೇಶ್ವರಿ ಎರಡೂ ಕೈಯಿಂದ ಹಿಡಿದುಕೊಂಡಳು.

"ಆಕಿಗಿ ಹೆಸರ ಇಟ್ಟಿದ್ದೇನ?" ಎಂದು ಕೇಳಿದಳು ಅಕ್ಕನಾಗಮ್ಮ.

ರಾಜೇಶ್ವರಿ ಕುಂಚಗಿಯ ಕಸೆ ಕಟ್ಟಿದಳು. ಆಮೇಲೆ ತಲೆ ಅಲ್ಲಾಡಿಸಿದಳು, ಹೌದೆಂದು.

"ನನಗ ಹೇಳತೀಯೇನ?"

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಅದರ ಕಿವಿಯಲ್ಲಿ ಹೆಸರನ್ನು ಊದುತ್ತಾಳೆ. ಊದಿದ ಕೂಡಲೇ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ನಗೆಯೋ ನಗೆ. ಬಸ್ಸಿನಲ್ಲಿ ರಾಜೇಶ್ವರಿ ಬಾಗಿ, ಅತ್ತೆಯ ಕಿವಿಗೆ ಬಾಯಿ ಹಚ್ಚಿದಳು. ಇಂಜಿನ್ನಿನ ಸಪ್ಪಳದಲ್ಲಿ ನನಗೆ ಏನೂ ಕೇಳಲಿಲ್ಲ. ಆಮೇಲೂ ನಾನು ಕೇಳಿಲ್ಲ, ಅವರು ಹೇಳಿಲ್ಲ.

ಅವಳು ಅತ್ತೆಯ ಕಿವಿಯಿಂದ ಬಾಯಿ ಸರಿಸಿದಳು. ಅಕ್ಕನಾಗಮ್ಮ ಕಣ್ಣು ಮುಚ್ಚಿಕೊಂಡಳು. ಬಸ್ಸಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಹಿಂದಿನ ಸೀಟಿನಿಂದ ಕೈ ಚಾಚಿ, ಮುಷ್ಟಿ ಕಟ್ಟಿ, ರಾಜೇಶ್ವರಿಯ ಬೆನ್ನಿಗೆ ಒಂದು ಗುದ್ದಿದೆ, ಮೆಲ್ಲಗೆ.